ಗಡಿಯಾರ ತಿರುಗಿಸೋದು ಸುಲಭ, ಕ್ಯಾಲೆಂಡರ್ ತಿದ್ದೋದು ಕಷ್ಟ

ಅಮೆರಿಕದ ಕ್ಲೈಂಟ್ ಜೊತೆ ಕೆಲಸ ಮಾಡುವ ನಮ್ಮ ಸೀನಿಯರ್ ಯಾರನ್ನಾದರೂ ಕೇಳಿ ನೋಡಿ. ಚಳಿಗಾಲದಲ್ಲಿ ರಾತ್ರಿ 8:30ಕ್ಕೆ ಇರುವ ಮೀಟಿಂಗ್, ಮಾರ್ಚ್‌ನ ಎರಡನೇ ಭಾನುವಾರ ಕಳೆದ ಕೂಡಲೇ 7:30ಕ್ಕೆ ಬಂದು ಕೂರುತ್ತೆ. ನ್ಯೂಯಾರ್ಕ್‌ನವರ ಪಾಲಿಗೆ ಏನೂ ಬದಲಾಗಿಲ್ಲ, ಅವರಿಗೆ ಆಗಲೂ ಬೆಳಿಗ್ಗೆ 10, ಈಗಲೂ ಬೆಳಿಗ್ಗೆ 10. ಆದರೆ ಅವರಿಗೂ ನಮಗೂ ಹತ್ತೂವರೆ ಗಂಟೆ ಇದ್ದ ಅಂತರ ಒಂಬತ್ತೂವರೆ ಆಗಿರುತ್ತೆ. ಲಂಡನ್‌ನವರೂ ಅದೇ ಮೀಟಿಂಗ್‌ನಲ್ಲಿದ್ದರೆ ಇನ್ನೂ ಮಜಾ. ಅಲ್ಲಿ ಗಡಿಯಾರ ಮುಂದೆ ಹೋಗೋದು ಮಾರ್ಚ್‌ನ ಕೊನೆಯ ಭಾನುವಾರ. ನಡುವಿನ ಎರಡು-ಮೂರು ವಾರ ಯಾರ ಲೆಕ್ಕವೂ ಯಾರಿಗೂ ತಾಳೆಯಾಗಲ್ಲ.

ಇದೇ ಡೇಲೈಟ್ ಸೇವಿಂಗ್ ಟೈಮ್, ಅಂದರೆ ಡಿಎಸ್‌ಟಿ. ಬೇಸಿಗೆಯಲ್ಲಿ ಸಂಜೆಯ ಬೆಳಕು ಹೆಚ್ಚು ಹೊತ್ತು ಸಿಗಲಿ ಅಂತ ಗಡಿಯಾರವನ್ನು ಒಂದು ಗಂಟೆ ಮುಂದಿಡೋದು, ಚಳಿಗಾಲಕ್ಕೆ ಮತ್ತೆ ಹಿಂದೆ ತರೋದು. ಭಾರತದಲ್ಲಿ ಈಗ ಇದು ಇಲ್ಲ. ಹಾಗಾಗಿ ಕ್ಲಾಸಿನಲ್ಲಿ ಇದರ ಮಾತು ಬರೋದೇ ಅಪರೂಪ. ಯುಟಿಸಿಗೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ಪ್ರಾಜೆಕ್ಟಿನ ಕೆಲಸ ಮುಗೀತು. ಈ ಐದೂವರೆ ಗಂಟೆಯ ಅಭ್ಯಾಸವನ್ನು ಕಾಲೇಜಿನಲ್ಲೇ ಬಿಡಬೇಕು ಅನ್ನೋದು ನನ್ನ ಅಭಿಪ್ರಾಯ. ನಾವು ಟೈಮ್ ಝೋನ್ ಅನ್ನು ಒಂದು ಸ್ಥಿರ ಸಂಖ್ಯೆ ಅಂತ ತಿಳಿದಿದ್ದೇವೆ. ನಿಜದಲ್ಲಿ ಅದು ಸರ್ಕಾರಗಳು ಮಾಡುವ ನಿಯಮ. ನಿಯಮ ಅಂದಮೇಲೆ ಯಾವತ್ತು ಬೇಕಾದರೂ ಬದಲಾಗಬಹುದು.

2007ರಲ್ಲಿ ಅಮೆರಿಕದಲ್ಲಿ ಆಗಿದ್ದನ್ನೇ ನೋಡಿ. ಅಲ್ಲಿ ಮೊದಲು ಏಪ್ರಿಲ್‌ನ ಮೊದಲ ಭಾನುವಾರದಿಂದ ಅಕ್ಟೋಬರ್‌ನ ಕೊನೆಯ ಭಾನುವಾರದವರೆಗೆ ಡಿಎಸ್‌ಟಿ ಇತ್ತು. 2005ರ ಎನರ್ಜಿ ಪಾಲಿಸಿ ಆ್ಯಕ್ಟ್ ಅದನ್ನು ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಹಿಗ್ಗಿಸಿತು. ಜಾರಿಗೆ ಬಂದದ್ದು 2007ರ ಮಾರ್ಚ್ 11ಕ್ಕೆ. ಸಿದ್ಧವಾಗಲು ಒಂದೂವರೆ ವರ್ಷ ಸಮಯವಿತ್ತು. ಆಪರೇಟಿಂಗ್ ಸಿಸ್ಟಮ್‌ಗೆ ಪ್ಯಾಚ್, ಜಾವಾಗೆ ಅಪ್‌ಡೇಟ್, ಸರ್ವರ್‌ಗಳಿಗೆ ಇನ್ನೊಂದಷ್ಟು. ಗಡಿಯಾರದ ಸಮಸ್ಯೆ ಅಲ್ಲಿಗೆ ಮುಗೀತು. ಆದರೆ ಕ್ಯಾಲೆಂಡರ್‌ನ ಸಮಸ್ಯೆ ಶುರುವಾಗಿದ್ದೇ ಅಲ್ಲಿಂದ.

ಯಾಕೆ ಅಂತ ಲೆಕ್ಕ ಹಾಕೋಣ. 2006ರಲ್ಲಿ ಯಾರೋ ಒಬ್ಬರು ಔಟ್‌ಲುಕ್‌ನಲ್ಲಿ 2007ರ ಮಾರ್ಚ್ 20ಕ್ಕೆ ನ್ಯೂಯಾರ್ಕ್ ಸಮಯ ಬೆಳಿಗ್ಗೆ 10ಕ್ಕೆ ಮೀಟಿಂಗ್ ಇಟ್ಟರು ಅಂದುಕೊಳ್ಳಿ. ಹಳೇ ನಿಯಮದ ಪ್ರಕಾರ ಆ ದಿನ ಡಿಎಸ್‌ಟಿ ಇಲ್ಲ. ಹಾಗಾಗಿ ಅದು ಯುಟಿಸಿ 15:00 ಅಂತ ಸೇವ್ ಆಯ್ತು. ಆಮೇಲೆ ಪ್ಯಾಚ್ ಹಾಕಿದರು. ಹೊಸ ನಿಯಮದಲ್ಲಿ ಆ ದಿನ ಡಿಎಸ್‌ಟಿ ಇದೆ. ಅದೇ 15:00 ಈಗ ಬೆಳಿಗ್ಗೆ 11 ಅಂತ ಕಾಣುತ್ತೆ! ಇದನ್ನು ಒಂದು ಗಂಟೆ ಹಿಂದೆ ತಳ್ಳೋಕೆ ಮೈಕ್ರೋಸಾಫ್ಟ್ ಬೇರೆಯೇ ಟೂಲ್ ಕೊಡಬೇಕಾಯ್ತು.

ಸರಿ, ಎಲ್ಲ ಮೀಟಿಂಗನ್ನೂ ಒಂದು ಗಂಟೆ ತಳ್ಳಿದರೆ ಆಯ್ತಲ್ಲ ಅಂತೀರಾ? ಆಗಲ್ಲ. ಪ್ಯಾಚ್ ಹಾಕಿದ ಮೇಲೆ ಇಟ್ಟ ಮೀಟಿಂಗ್‌ಗಳು ಸರಿಯಾಗೇ ಇವೆ, ಅವನ್ನು ತಳ್ಳಿದರೆ ಕೆಡುತ್ತವೆ. ಇನ್ನು ಆ 15:00 ಅನ್ನೋದು ಭಾರತದಲ್ಲಿ ರಾತ್ರಿ 8:30. ಬೆಂಗಳೂರಿನವರು "ನಮಗೆ 8:30ಕ್ಕೇ ಅನುಕೂಲ" ಅಂತ ಹೇಳಿ ಇಟ್ಟ ಮೀಟಿಂಗ್ ಅದಾಗಿದ್ದರೆ, ಅದನ್ನು ಮುಟ್ಟಲೇಬಾರದು. ಅದು ಯಾರ ಗಡಿಯಾರ ನೋಡಿ ಇಟ್ಟ ಮೀಟಿಂಗ್ ಅನ್ನೋದು ಆ ಸಂಖ್ಯೆಯಲ್ಲಿ ಎಲ್ಲೂ ಇಲ್ಲ. ಸಾಫ್ಟ್‌ವೇರ್ ಆ ಮಾಹಿತಿಯನ್ನು ಉಳಿಸಿಕೊಳ್ಳದೇ ಹೋದರೆ, ಆಮೇಲೆ ಎಂಥ ಟೂಲ್ ಬಂದರೂ ಊಹೆ ಮಾಡಬೇಕಷ್ಟೆ. ಮೀಟಿಂಗ್‌ನ ಹೆಸರಿನಲ್ಲೇ ಸಮಯ ಬರೆದುಬಿಡಿ ಅನ್ನೋ ಸಲಹೆ ಆಗ ಚಾಲ್ತಿಗೆ ಬಂದದ್ದು ಇದಕ್ಕೇ.

ಒಂದೂವರೆ ವರ್ಷ ಸಿಕ್ಕಾಗಲೇ ಈ ಪಾಡು. ಎರಡು-ಮೂರು ದಿನ ಮಾತ್ರ ಸಿಕ್ಕರೆ? 2023ರಲ್ಲಿ ಲೆಬನಾನ್‌ನಲ್ಲಿ ಅದೂ ಆಯ್ತು. ಆ ವರ್ಷ ಮಾರ್ಚ್ 26ಕ್ಕೆ ಗಡಿಯಾರ ಮುಂದೆ ಹೋಗಬೇಕಿತ್ತು. ಪ್ರಧಾನಿ ನಜೀಬ್ ಮಿಕಾತಿ ಅದನ್ನು ರಂಜಾನ್ ಮುಗಿಯುವವರೆಗೆ ಮುಂದೂಡಿದ್ದು ತಿಳಿದದ್ದು ಮಾರ್ಚ್ 23ಕ್ಕೆ. ಮ್ಯಾರೊನೈಟ್ ಚರ್ಚ್ ಒಪ್ಪಲಿಲ್ಲ, ಕೆಲವು ಟಿವಿ ಚಾನೆಲ್‌ಗಳೂ ಒಪ್ಪಲಿಲ್ಲ. ಒಂದೇ ಊರಿನಲ್ಲಿ ಎರಡು ಸಮಯ. ಫೋನುಗಳು ತಾವಾಗಿ ಮುಂದೆ ಹೋಗದಿರಲಿ ಅಂತ ಮೊಬೈಲ್ ಕಂಪನಿಗಳು "ಸಮಯ ನೀವೇ ಕೈಯಾರೆ ಸೆಟ್ ಮಾಡಿಕೊಳ್ಳಿ" ಅಂತ ಗ್ರಾಹಕರಿಗೆ ಮೆಸೇಜ್ ಕಳಿಸಿದವು. ನಾಲ್ಕೇ ದಿನಕ್ಕೆ, ಮಾರ್ಚ್ 27ಕ್ಕೆ, ಸಚಿವ ಸಂಪುಟ ನಿರ್ಧಾರ ಹಿಂತೆಗೆದುಕೊಂಡಿತು. 29ರ ರಾತ್ರಿ ಗಡಿಯಾರ ಮುಂದೆ ಹೋಯ್ತು.

ಇಂಥ ಬದಲಾವಣೆಗಳನ್ನೆಲ್ಲ ಬರೆದಿಡುವ ಒಂದು ಡೇಟಾಬೇಸ್ ಇದೆ. ಹೆಸರು ಟಿಝಡ್ ಡೇಟಾಬೇಸ್. ಆರ್ಥರ್ ಡೇವಿಡ್ ಓಲ್ಸನ್ ಶುರು ಮಾಡಿದ್ದು, ಈಗ ಪಾಲ್ ಎಗ್ಗರ್ಟ್ ನೋಡಿಕೊಳ್ಳುತ್ತಿದ್ದಾರೆ. 2011ರಿಂದ ಐಎಎನ್‌ಎ ಅದನ್ನು ಪ್ರಕಟಿಸುತ್ತಿದೆ. ಲಿನಕ್ಸ್, ಆಂಡ್ರಾಯ್ಡ್, ಜಾವಾ, ಪೈಥಾನ್ ಎಲ್ಲಕ್ಕೂ ಇದೇ ಆಧಾರ. ಲೆಬನಾನ್‌ಗಾಗಿ 2023ಬಿ ಅನ್ನೋ ಆವೃತ್ತಿ ಬಂತು, ಐದು ದಿನಕ್ಕೆ ಅದನ್ನು ರದ್ದು ಮಾಡಿ 2023ಸಿ ಬಂತು. ಆದರೆ ಡೇಟಾಬೇಸ್ ಸರಿಯಾದ ಮಾತ್ರಕ್ಕೆ ನಿಮ್ಮ ಫೋನ್ ಸರಿಯಾಗಲ್ಲ. ಅಲ್ಲಿಂದ ಆಪರೇಟಿಂಗ್ ಸಿಸ್ಟಮ್‌ಗೆ, ಅಲ್ಲಿಂದ ನಿಮ್ಮ ಕೈಗೆ ಬರಬೇಕು. 2022ರ ಅಕ್ಟೋಬರ್‌ನಲ್ಲಿ ಮೆಕ್ಸಿಕೋ ದೇಶದ ಹೆಚ್ಚಿನ ಭಾಗದಲ್ಲಿ ಡಿಎಸ್‌ಟಿ ನಿಲ್ಲಿಸಿತು. ಅಪ್‌ಡೇಟ್ ಸಿಗದ ಹಳೇ ಫೋನಿಗೆ ಇದು ಗೊತ್ತಾಗೋದು ಹೇಗೆ? ಅದು ಮರುವರ್ಷ ಏಪ್ರಿಲ್‌ನಲ್ಲಿ ಹಳೇ ನಿಯಮದಂತೆ ಒಂದು ಗಂಟೆ ಮುಂದೆ ಹೋಗಿಯೇ ಹೋಗುತ್ತೆ.

"ಲೈಬ್ರರಿ ಇದೆಯಲ್ಲ ಗುರೂ, ಅದೇ ನೋಡ್ಕೊಳ್ಳುತ್ತೆ" ಅನ್ನೋರಿದ್ದಾರೆ. ಲೈಬ್ರರಿ ಬಳಸಲೇಬೇಕು, ನಿಜ. ಆದರೆ ತಿಳಿಯದೆ ಬಳಸಿದರೆ ನಮ್ಮ ಊರಿನ ಸಮಯವೇ ಕೈಕೊಡುತ್ತೆ. ಪೈಥಾನ್‌ನ ಪೈಟಿಝಡ್ ಲೈಬ್ರರಿಯಲ್ಲಿ ಏಷ್ಯಾ/ಕೋಲ್ಕತಾ ಝೋನನ್ನು ನೇರವಾಗಿ ಡೇಟ್‌ಟೈಮ್‌ಗೆ ಕೊಟ್ಟು ನೋಡಿ. 5:30 ಬರಲ್ಲ, 5:53 ಬರುತ್ತೆ! ಅದು ಹಿಂದಿನ ಕಲ್ಕತ್ತಾದ ಸ್ಥಳೀಯ ಸಮಯ. ಆ ಲೈಬ್ರರಿಯಲ್ಲಿ ಲೋಕಲೈಸ್ ಅನ್ನೋ ಫಂಕ್ಷನ್ ಬಳಸಬೇಕು. ಹೊಸ ಝೋನ್‌ಇನ್ಫೋ ಬಳಸಿದರೆ ಈ ತೊಂದರೆ ಇಲ್ಲ. ಅದರಲ್ಲಿ 1943ರ ಯಾವುದಾದರೂ ದಿನಾಂಕ ಹಾಕಿ ನೋಡಿ, 6:30 ಬರುತ್ತೆ. ಅದು ತಪ್ಪಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಭಾರತದ ಗಡಿಯಾರವೂ ಒಂದು ಗಂಟೆ ಮುಂದಿತ್ತು. ನಮ್ಮ ಐದೂವರೆಯೂ ಸೂರ್ಯ ಚಂದ್ರ ಇರೋವರೆಗೆ ಇರುತ್ತೆ ಅಂತ ಬರೆದುಕೊಟ್ಟವರು ಯಾರೂ ಇಲ್ಲ.

"ಎಲ್ಲವನ್ನೂ ಯುಟಿಸಿಯಲ್ಲಿ ಇಡು" ಅನ್ನೋದು ಇನ್ನೊಂದು ಬಾಯಿಪಾಠ. ಅದು ಆಗಿಹೋದದ್ದಕ್ಕೆ ಸರಿ. ಲಾಗ್, ಪೇಮೆಂಟ್, ಲಾಗಿನ್ ಸಮಯ ಇವೆಲ್ಲ ನಡೆದ ಘಟನೆಗಳು, ಮುಂದೆ ಯಾವ ನಿಯಮ ಬಂದರೂ ಬದಲಾಗಲ್ಲ. ಮುಂದೆ ಆಗಬೇಕಾದದ್ದಕ್ಕೆ, ಅಂದರೆ ಡಾಕ್ಟರ್ ಅಪಾಯಿಂಟ್‌ಮೆಂಟ್, ಇಂಟರ್‌ವ್ಯೂ, ಆನ್‌ಲೈನ್ ಪರೀಕ್ಷೆ ಇಂಥವಕ್ಕೆ, ಅಲ್ಲಿನ ಗಡಿಯಾರದ ಸಮಯವನ್ನೂ ಅಮೆರಿಕಾ/ನ್ಯೂಯಾರ್ಕ್ ಅನ್ನೋ ಥರದ ಝೋನ್ ಹೆಸರನ್ನೂ ಇಡಬೇಕು. ಯುಟಿಸಿಯನ್ನು ಬೇಕಾದಾಗ ಲೆಕ್ಕ ಹಾಕಿಕೊಂಡರಾಯ್ತು. ಐಎಸ್‌ಟಿ ಅಂತ ಚುಟುಕಾಗಿಯೂ ಬರೆಯಬೇಡಿ. ಇಂಡಿಯಾ, ಐರ್ಲೆಂಡ್, ಇಸ್ರೇಲ್ ಮೂರೂ ಅದೇ ಮೂರಕ್ಷರ ಬಳಸುತ್ತವೆ.

ಇದಕ್ಕೆ ಹೊಸ ಸಬ್ಜೆಕ್ಟ್ ಏನೂ ಬೇಡ, ಡಿಬಿಎಂಎಸ್ ಲ್ಯಾಬ್‌ನಲ್ಲಿ ಒಂದು ಪ್ರಯೋಗ ಸಾಕು. ನ್ಯೂಯಾರ್ಕ್‌ನಲ್ಲಿ ಮಾರ್ಚ್‌ನ ಆ ಭಾನುವಾರ ಬೆಳಗಿನ ಜಾವ 2:30 ಅನ್ನೋ ಸಮಯವೇ ಇರಲ್ಲ, ನವೆಂಬರ್‌ನಲ್ಲಿ 1:30 ಎರಡು ಸಲ ಬರುತ್ತೆ. ನಿಮ್ಮ ಬುಕಿಂಗ್ ಆ್ಯಪ್‌ಗೆ ಈ ಎರಡು ಸಮಯ ಕೊಟ್ಟು ಏನಾಗುತ್ತೆ ನೋಡಿ. ಕ್ರ್ಯಾಶ್ ಆದರೆ ಒಳ್ಳೆಯದು, ತಪ್ಪು ಎದುರಿಗೇ ಕಾಣುತ್ತೆ. ಸುಮ್ಮನೆ ಒಂದು ಗಂಟೆ ಆಚೀಚೆ ಆಗಿ ಸೇವ್ ಆದರೆ, ಅದು ಗೊತ್ತಾಗೋದು ಯಾರದ್ದೋ ಇಂಟರ್‌ವ್ಯೂ ತಪ್ಪಿದ ಮೇಲೆ. ಈ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗಳಲ್ಲಿ ಸಮಯ ಸೇವ್ ಮಾಡೋ ಕೋಡ್ ಇದ್ದರೆ ಸಬ್‌ಮಿಟ್ ಮಾಡೋಕೆ ಮುಂಚೆ ಇದೊಂದು ಟೆಸ್ಟ್ ಮಾಡಿ. ಹತ್ತು ನಿಮಿಷದ ಕೆಲಸ.