ಸಿಗರೇಟು ಸೇದಿದ ಅಜ್ಜಿ ಸಾಕ್ಷಿಯಲ್ಲ

ಹೊಗೆ ಬಿಡಿ ಎಂದವರಿಗೆ ಸಿಗುವ ಸಿದ್ಧ ಉತ್ತರ ಒಂದಿದೆ: 'ನಮ್ಮ ತಾತ ದಿನಕ್ಕೊಂದು ಕಟ್ಟು ಬೀಡಿ ಸೇದಿಯೂ ತೊಂಬತ್ತೈದು ದಾಟಿದ್ದರು.' ಈ ವಾದಕ್ಕೆ ಇನ್ನೂ ಗಟ್ಟಿ ಸಾಕ್ಷಿ ನ್ಯೂಯಾರ್ಕಿನಲ್ಲಿದ್ದರು. ಹೆಲೆನ್ ರೈಕರ್ಟ್ ಎಂಬತ್ತಕ್ಕೂ ಹೆಚ್ಚು ವರ್ಷ ಸಿಗರೇಟು ಸೇದಿದವರು. ಬರ್ಗರ್, ಚಾಕೊಲೇಟ್, ಬಿಯರ್ ಯಾವುದಕ್ಕೂ ಒಲ್ಲೆ ಎಂದವರಲ್ಲ. 2011ರಲ್ಲಿ ತೀರಿಕೊಂಡಾಗ 110 ತುಂಬಲು ಕೆಲವೇ ವಾರ ಬಾಕಿ ಇತ್ತು. ಅವರ ತಮ್ಮ, ಷೇರುಪೇಟೆಯ ಹಳೆಯ ಹುಲಿ ಅರ್ವಿಂಗ್ ಕಾನ್, 109ರವರೆಗೆ ಬದುಕಿದರು. ಇನ್ನೊಬ್ಬ ತಮ್ಮ 103, ತಂಗಿ 101.

ಒಂದೇ ಮನೆಯ ನಾಲ್ವರೂ ನೂರು ದಾಟಿದರೆ ಬರೀ ಅದೃಷ್ಟ ಎನ್ನಲಾಗದು. ಇವರು ಅಶ್ಕೆನಾಜಿ ಯಹೂದಿಗಳು. ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನ ನಿರ್ ಬಾರ್ಜಿಲೈ 1998ರಿಂದ ಈ ಸಮುದಾಯದ ಶತಾಯುಷಿಗಳ ಬೆನ್ನುಹತ್ತಿದ್ದಾರೆ. ಇದೇ ಸಮುದಾಯ ಯಾಕೆ? ಮಧ್ಯಯುಗದ ಕೆಲವೇ ನೂರು ಮಂದಿಯಿಂದ ಬೆಳೆದು, ತಲೆತಲಾಂತರ ಒಳಗೊಳಗೇ ಮದುವೆಯಾದವರು. ಎಲ್ಲರ ವಂಶವಾಹಿಗಳೂ ಹೆಚ್ಚುಕಡಿಮೆ ಒಂದೇ ಥರ ಇರುವಲ್ಲಿ ಸಣ್ಣ ವ್ಯತ್ಯಾಸವೂ ಬೇಗ ಕಣ್ಣಿಗೆ ಬೀಳುತ್ತದೆ. 2003ರಲ್ಲಿ ಹಾಗೆ ಸಿಕ್ಕಿದ್ದು ಸಿಇಟಿಪಿ ಜೀನಿನ ಒಂದು ರೂಪ. ನೂರರ ಆಸುಪಾಸಿನ ಹಿರಿಯರಲ್ಲಿ ಸುಮಾರು ಶೇ 25 ಮಂದಿಗೆ ಅದಿತ್ತು, ಹೋಲಿಕೆಗೆ ತೆಗೆದುಕೊಂಡವರಲ್ಲಿ ಶೇ 9 ಮಂದಿಗೆ ಮಾತ್ರ. ಅದಿದ್ದವರ ರಕ್ತದಲ್ಲಿ ಕೊಲೆಸ್ಟರಾಲ್ ಕಣಗಳು ಗಾತ್ರದಲ್ಲಿ ದೊಡ್ಡವು. ಶಿಸ್ತಿನ ಬಾಳು ಇವರ ದೀರ್ಘಾಯುಷ್ಯಕ್ಕೆ ಕಾರಣವೇ ಎಂದು 2011ರಲ್ಲಿ ನೋಡಿದರೆ, 95 ದಾಟಿದ ಗಂಡಸರಲ್ಲಿ ವ್ಯಾಯಾಮ ಮಾಡುತ್ತಿದ್ದವರು ಶೇ 43. ಅದೇ ತಲೆಮಾರಿನ ಸಾಮಾನ್ಯರಲ್ಲಿ ಶೇ 57!

ಬೀಡಿ ತಾತನ ಮೊಮ್ಮಗ ಜಾರುವುದು ಇಲ್ಲೇ. ಅಜ್ಜಿಯನ್ನು ಬದುಕಿಸಿದ್ದು ಸಿಗರೇಟಲ್ಲ, ಅದರ ಹೊಡೆತವನ್ನೂ ತಾಳಿಕೊಂಡ ಮೈ. ತಾತನಿಂದ ಮೊಮ್ಮಗನಿಗೆ ಇಳಿಯುವುದು ಸರಾಸರಿ ಕಾಲು ಪಾಲು. ಕಾಯುವ ಜೀನು ಆ ಕಾಲು ಪಾಲಿನಲ್ಲಿ ಬಂದಿದೆಯೋ ಇಲ್ಲವೋ ಬಲ್ಲವರಾರು? ಅದೇ ಜಗಲಿಯಲ್ಲಿ ಕೂತು ಬೀಡಿ ಸೇದಿ ಐವತ್ತೈದಕ್ಕೇ ಹೋದವರ ಕಥೆಯನ್ನಂತೂ ಯಾರೂ ಎತ್ತುವುದಿಲ್ಲ.

ಒಳಗೊಳಗೇ ಮದುವೆಯಾಗುವವರಿಗೆ ನಮ್ಮಲ್ಲೇನು ಬರವೇ? ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆ ಮತ್ತು ಹಾರ್ವರ್ಡ್‌ನ ವಿಜ್ಞಾನಿಗಳು 2017ರಲ್ಲಿ ದಕ್ಷಿಣ ಏಷ್ಯಾದ 263 ಸಮುದಾಯಗಳನ್ನು ಪರಿಶೀಲಿಸಿದಾಗ, ಕೆಲವೇ ಪೂರ್ವಜರಿಂದ ಬಂದ ಗುರುತು 81ರಲ್ಲಿ ಅಶ್ಕೆನಾಜಿಗಳಿಗಿಂತಲೂ ಗಾಢವಾಗಿತ್ತು. ಇಂಥಲ್ಲಿ ಕಾಯುವ ಜೀನಿನಂತೆ ಕಾಡುವ ಜೀನೂ ಒಳಗೊಳಗೇ ಉಳಿದುಬಿಡುತ್ತದೆ. ಆರ್ಯವೈಶ್ಯರನ್ನೇ ನೋಡಿ. ಅವರಲ್ಲಿ ಕೆಲವರಿಗೆ ಹುಟ್ಟಿನಿಂದಲೇ ಒಂದು ಕಿಣ್ವದ ಕೊರತೆ. ಆಪರೇಷನ್ನಿಗೆ ಮುಂಚೆ ಸ್ನಾಯು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲೀನ್ ಉಳಿದವರ ಮೈಯಲ್ಲಿ ಕೆಲವೇ ನಿಮಿಷಗಳಲ್ಲಿ ಕರಗಿದರೆ, ಇವರಲ್ಲಿ ಗಂಟೆಗಟ್ಟಲೆ ಉಳಿಯುತ್ತದೆ. ಅಷ್ಟು ಹೊತ್ತೂ ಸ್ವಂತ ಉಸಿರಿಲ್ಲ, ವೆಂಟಿಲೇಟರೇ ಗತಿ. ಮೊದಲೇ ಗೊತ್ತಿದ್ದರೆ ಅರಿವಳಿಕೆ ವೈದ್ಯರು ಬೇರೆ ಔಷಧ ಆರಿಸಿಕೊಳ್ಳುತ್ತಾರೆ, ಅಷ್ಟೇ.

ನೂರು ವರ್ಷ ಬದುಕಿಸುವ ಜೀನನ್ನು ಹುಡುಕುವವರು ಹುಡುಕಲಿ. ನಮ್ಮ ಆಸ್ಪತ್ರೆಗಳಿಗೆ ತುರ್ತಾಗಿ ಬೇಕಿರುವುದು ಈ ಬಗೆಯ ತಿಳಿವಳಿಕೆ. 'ನಿಮ್ಮ ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆದಮೇಲೆ ಉಸಿರು ಮರಳಲು ತಡವಾಗಿತ್ತೇ?' ಎಂದು ಕೇಳಲು ಯಾವ ಲ್ಯಾಬೂ ಬೇಕಿಲ್ಲ.