ಶಾಲು ಬೇಡ, ಲೆಕ್ಕ ಇರಲಿ

ಕೆಲವು ವರ್ಷಗಳ ಹಿಂದೆ ಗಣರಾಜ್ಯೋತ್ಸವದ ದಿನ ಅರಸೀಕೆರೆಯಲ್ಲಿ ಒಂದು ಸಭೆ ನಡೆಯಿತು. ನಿವೃತ್ತ ಸೈನಿಕರಿಗೆ ಸನ್ಮಾನ. ನಮ್ಮ ಯಜಮಾನರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟ ಮೇಲೆ ನನ್ನನ್ನೂ ವೇದಿಕೆಗೆ ಕರೆದು ಪಕ್ಕದಲ್ಲಿ ನಿಲ್ಲಿಸಿದರು. ನಿರೂಪಣೆ ಮಾಡುತ್ತಿದ್ದವರು ಮೈಕಿನಲ್ಲಿ, "ವೀರಯೋಧರ ತ್ಯಾಗಮಯಿ ಧರ್ಮಪತ್ನಿ" ಎಂದರು. ಜನ ಚಪ್ಪಾಳೆ ತಟ್ಟಿದರು. ನಾನೂ ಕೈಮುಗಿದೆ. ಮನೆಗೆ ಬಂದು ಬುಟ್ಟಿಯ ಸೇಬು ಹೆಚ್ಚುವಾಗ ನನಗೆ ಸಿಟ್ಟು ಬಂತು. ಅವರು ನನ್ನ ಹೆಸರು ಹೇಳಲಿಲ್ಲವೆಂದಲ್ಲ. 'ತ್ಯಾಗ' ಎಂಬ ಆ ಮಾತಿಗೆ.

ಹೀಗೆಂದರೆ ಕೆಲವರಿಗೆ ಬೇಸರವಾಗಬಹುದು. ಗೌರವ ಕೊಟ್ಟರೂ ತಕರಾರೇ ಎಂದು ಕೇಳಬಹುದು. ತಕರಾರೇ. ತ್ಯಾಗ ಎಂದರೆ ಕೊಟ್ಟು ಮರೆತುಬಿಡುವುದು. ಕೊಟ್ಟವರು ವಾಪಸು ಕೇಳುವಂತಿಲ್ಲ, ಪಡೆದವರು ಲೆಕ್ಕ ಇಡಬೇಕಿಲ್ಲ. ನಾನು ಮಾಡಿದ್ದು ತ್ಯಾಗವಲ್ಲ, ಕೆಲಸ. ಕೆಲಸಕ್ಕೆ ಲೆಕ್ಕವಿರುತ್ತದೆ. ಆ ಲೆಕ್ಕವನ್ನು ತಪ್ಪಿಸಿಕೊಳ್ಳಲು ನಮ್ಮ ಸಮಾಜ ಕಂಡುಕೊಂಡಿರುವ ಅತ್ಯಂತ ಮರ್ಯಾದೆಯ ಉಪಾಯವೇ ಆ ಶಾಲು ಎಂಬುದು ನನ್ನ ವಾದ.

ನನ್ನ ಲೆಕ್ಕ ಇದು. ನಮ್ಮ ಮದುವೆ ಆದದ್ದು 1984ರಲ್ಲಿ. ಆಗಲೇ ಇವರು ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಮದ್ರಾಸ್ ಸ್ಯಾಪರ್ಸ್‌ಗೆ ಸೇರಿ ನಾಲ್ಕು ವರ್ಷವಾಗಿತ್ತು. ನಿವೃತ್ತರಾಗಿ ಬಂದದ್ದು 2008ರಲ್ಲಿ, ಸುಬೇದಾರರಾಗಿ. ಅಲ್ಲಿಗೆ ಮದುವೆಗೆ ಇಪ್ಪತ್ತನಾಲ್ಕು ವರ್ಷ. ಅದರಲ್ಲಿ ಕ್ವಾರ್ಟರ್ಸ್ ಸಿಕ್ಕಿ ಒಟ್ಟಿಗೆ ಇದ್ದದ್ದು ಬೆಂಗಳೂರಿನಲ್ಲಿ ಮೂರು ವರ್ಷ, ಝಾನ್ಸಿಯಲ್ಲಿ ಎರಡು, ಭಟಿಂಡಾದಲ್ಲಿ ಮೂರು, ಒಟ್ಟು ಎಂಟು. ಉಳಿದ ಹದಿನಾರು ವರ್ಷ ಅವರು ಎಲ್ಲೆಲ್ಲೋ, ನಾನು ಅರಸೀಕೆರೆ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ, ಅತ್ತೆ, ಮಾವ, ತೆಂಗಿನ ತೋಟ, ಇಬ್ಬರು ಮಕ್ಕಳೊಂದಿಗೆ. ವಾರ್ಷಿಕ ರಜೆ, ಕ್ಯಾಶುಯಲ್ ರಜೆ ಎಲ್ಲ ಸೇರಿಸಿ ವರ್ಷಕ್ಕೆ ಮೂರು ತಿಂಗಳು ಎಂದುಕೊಂಡರೂ ಹದಿನಾರು ವರ್ಷಕ್ಕೆ ನಾಲ್ಕು ವರ್ಷ. ಎಂಟೂ ನಾಲ್ಕೂ ಹನ್ನೆರಡು. ಇಪ್ಪತ್ತನಾಲ್ಕರಲ್ಲಿ ಅರ್ಧ.

ಆ ಇನ್ನರ್ಧ ಯಾರು ನಡೆಸಿದರು? ನಾನು ಹೇಳಬೇಕಾಗಿರುವುದು ಅದರ ಬಗ್ಗೆ.

1987ರಲ್ಲಿ ಇವರು ಶಾಂತಿಪಾಲನಾ ಪಡೆಯೊಂದಿಗೆ ಶ್ರೀಲಂಕಾಕ್ಕೆ ಹೋದರು. ಮಗಳಿಗೆ ಆಗ ಒಂದು ವರ್ಷ. ಕಾಗದದ ವಿಳಾಸದಲ್ಲಿ ಊರಿನ ಹೆಸರೇ ಇರುತ್ತಿರಲಿಲ್ಲ. ನಂಬರು, ಹೆಸರು, ಯೂನಿಟ್ಟು, ಕೊನೆಗೆ 56 ಎ.ಪಿ.ಓ. ಗಂಡ ಎಲ್ಲಿದ್ದಾನೆಂದು ತಿಳಿಯದೆ ಅವನಿಗೆ ಕಾಗದ ಬರೆಯುವುದು ಹೇಗೆಂದು ನಾನು ಕಲಿತದ್ದು ಆಗ. ಇನ್‌ಲ್ಯಾಂಡ್ ಲೆಟರಿನ ಜಾಗ ಚಿಕ್ಕದು. ಅತ್ತೆಯ ಮಂಡಿನೋವು, ಬೋರಿನ ನೀರು, ಮಗಳ ಹಲ್ಲು ಎಲ್ಲವನ್ನೂ ಬರೆದು ಮಡಚುವ ಅಂಚಿನಲ್ಲಿ ನನ್ನ ಸ್ವಂತದ ಒಂದು ಮಾತು. ಯಾವುದನ್ನು ಬರೆಯಬೇಕು, ಯಾವುದನ್ನು ಬರೆದರೆ ಅಲ್ಲಿ ಅವರಿಗೆ ನಿದ್ದೆ ಬರುವುದಿಲ್ಲ ಎಂದು ಅಳೆದು ತೂಗಬೇಕಿತ್ತು. ಮಾವನವರಿಗೆ ಮೊದಲ ಸಲ ಎದೆನೋವು ಬಂದ ಸುದ್ದಿಯನ್ನು, ಅವರು ಎದ್ದು ತೋಟಕ್ಕೆ ಹೋಗುವಂತಾದ ಮೇಲೆ ಬರೆದೆ. ಅದಕ್ಕೆ ಇವರು ಸಿಟ್ಟಾದರು. ಇವತ್ತಿಗೂ ಆ ವಿಷಯದಲ್ಲಿ ನಮ್ಮಿಬ್ಬರಿಗೆ ಒಮ್ಮತವಿಲ್ಲ.

ಎರಡು ವರ್ಷ ಕಳೆದು ಇವರು ಅರಸೀಕೆರೆ ಜಂಕ್ಷನ್ನಿನಲ್ಲಿ ಇಳಿದಾಗ ಮಗಳು ನನ್ನ ಸೆರಗಿನ ಹಿಂದೆ ನಿಂತು, "ಅಮ್ಮ, ಈ ಮಾಮ ನಮ್ಮನೇಗೆ ಬರ್ತಾರಾ?" ಎಂದು ಕೇಳಿದಳು. ಪ್ಲಾಟ್‌ಫಾರಂ ಮೇಲಿದ್ದವರೆಲ್ಲ ನಕ್ಕರು. ಇವರೂ ನಕ್ಕರು. ರಾತ್ರಿ ನಗಲಿಲ್ಲ. ಮಗಳಿಗೆ ಅಪ್ಪನನ್ನು, ಅಪ್ಪನಿಗೆ ಮಗಳನ್ನು ಪರಿಚಯ ಮಾಡಿಕೊಡುವ ಕೆಲಸ ಎರಡು ತಿಂಗಳ ರಜೆಯಲ್ಲಿ ಮುಗಿಯಬೇಕಿತ್ತು. ಮುಗಿಯುವ ಹೊತ್ತಿಗೆ ಕಪ್ಪು ಟ್ರಂಕು ಮತ್ತೆ ಹೊರಗೆ ಬಂತು. ಮುಂದಿನ ರಜೆಗೆ ಮತ್ತೆ ಮೊದಲಿನಿಂದ.

ಒಟ್ಟಿಗೆ ಇದ್ದ ವರ್ಷಗಳು ಸುಲಭವಾಗಿದ್ದವು ಎಂದೇನಲ್ಲ. ರಾಗಿಹಿಟ್ಟಿನ ಡಬ್ಬ, ಕೊಬ್ಬರಿ, ಮುದ್ದೆಕೋಲು ಸಮೇತ ಝಾನ್ಸಿಗೆ ಹೋದೆ. ಕೇಂದ್ರೀಯ ವಿದ್ಯಾಲಯಗಳನ್ನು 1963ರಲ್ಲಿ ಆರಂಭಿಸಿದ್ದೇ ವರ್ಗವಾಗುವ ನೌಕರರ ಮಕ್ಕಳಿಗಾಗಿ. ಅದು ನಿಜಕ್ಕೂ ದೊಡ್ಡ ಉಪಕಾರ. ಅಲ್ಲಿ ಮಗಳು ಹಿಂದಿ, ಸಂಸ್ಕೃತ ಕಲಿತಳು. ಕನ್ನಡವನ್ನು ನಾನು ಸಂಜೆ ಹೊತ್ತು ಸ್ಲೇಟು ಹಿಡಿದು ಕಲಿಸಿದೆ. ಪುಸ್ತಕ ಮುಗಿದ ಮೇಲೆ ಅತ್ತೆ ಪಕ್ಕದ ಮನೆಯ ಹುಡುಗನ ಕೈಲಿ ಬರೆಸಿದ ಕಾಗದಗಳೇ ಅವಳ ಪಾಠ. ಇಷ್ಟೆಲ್ಲ ಆಗಿ ಊರಿಗೆ ಬಂದಾಗ ಒಂದು ಶಾಲೆಯಲ್ಲಿ, ಕನ್ನಡ ಸಾಲದು, ವರ್ಷದ ಮಧ್ಯೆ ಬಂದಿದ್ದಾಳೆ, ಒಂದು ತರಗತಿ ಕೆಳಗೆ ಕೂರಲಿ ಎಂದರು. ದೇಶ ಕಾಯುವವನ ಮಗಳಿಗೆ ದೇಶದೊಳಗೆ ಊರಿಂದೂರಿಗೆ ಹೋದದ್ದೇ ತಪ್ಪಾಯಿತು. ಅಂದು ನಾಲ್ಕು ಸಲ ಶಾಲೆಗೆ ಅಲೆದವಳು ನಾನು. ಅದಕ್ಕೆ ಯಾವ ಹೆಸರು? ತ್ಯಾಗವೇ?

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಸೇನೆ ನಮಗೆ ಕೊಟ್ಟದ್ದು ಕಡಿಮೆಯಲ್ಲ. ತಿಂಗಳು ತಿಂಗಳು ಸಂಬಳ, ಮಿಲಿಟರಿ ಆಸ್ಪತ್ರೆ, ಕ್ಯಾಂಟೀನು, ಈಗ ಪಿಂಚಣಿ. ನಮ್ಮ ಪಕ್ಕದ ಮನೆಯ ಲಾರಿ ಡ್ರೈವರನ ಹೆಂಡತಿಯೂ ನನ್ನಷ್ಟೇ ಒಂಟಿಯಾಗಿ ಮಕ್ಕಳನ್ನು ಸಾಕಿದಳು. ಅವಳಿಗೆ ಇದರಲ್ಲಿ ಒಂದೂ ಇರಲಿಲ್ಲ, ಶಾಲನ್ನೂ ಯಾರೂ ಹೊದಿಸಲಿಲ್ಲ. ಹಾಗಾಗಿ ನನ್ನ ಜಗಳ ಸೇನೆಯ ಜೊತೆಯಲ್ಲ. ಮನೆ ನಡೆಸುವುದನ್ನು ಕೆಲಸವೆಂದು ಎಣಿಸದ ನಮ್ಮೆಲ್ಲರ ಅಭ್ಯಾಸದ ಜೊತೆ. ಆ ಅಭ್ಯಾಸ ನಮ್ಮ ಮನೆಯಲ್ಲೂ ಇತ್ತು.

ಎಲ್ಲ ವರ್ಗಾವಣೆಗಳಿಗಿಂತ ಕಷ್ಟವಾದದ್ದು ಕೊನೆಯದು, 2008ರಲ್ಲಿ ಇವರು ನಮ್ಮೂರಿಗೇ ಬಂದದ್ದು. ನಿವೃತ್ತಿಗೆ ಮುಂಚೆ ಸೈನಿಕರಿಗೆ ಮರುವಸತಿ ತರಬೇತಿ ಉಂಟು. ಕಂಪ್ಯೂಟರು ಕಲಿಸುತ್ತಾರೆ, ಸೆಕ್ಯೂರಿಟಿ ಕೆಲಸ ಕಲಿಸುತ್ತಾರೆ. ಸ್ವಂತ ಮನೆಗೆ ಹೇಗೆ ಬರಬೇಕೆಂದು ಇವರಿಗೆ ಯಾರೂ ಕಲಿಸಿರಲಿಲ್ಲ. ಬಂದ ವಾರದಲ್ಲೇ ಬೆಳಿಗ್ಗೆ ಐದಕ್ಕೆ ಎಲ್ಲರೂ ಏಳಬೇಕೆಂದಾಯಿತು. ಅಡುಗೆಮನೆಯ ಡಬ್ಬಗಳು ಎತ್ತರದ ಪ್ರಕಾರ ಸಾಲಾಗಿ ನಿಂತವು. ಒಂದು ದಿನ, "ಹೋದ ವರ್ಷದ ಕೊಬ್ಬರಿ ದುಡ್ಡು ಎಷ್ಟು ಬಂತು, ಎಲ್ಲಿ ಹೋಯ್ತು, ಬರೆದು ಕೊಡು" ಎಂದರು. ಅರಸೀಕೆರೆ ಮಾರುಕಟ್ಟೆಗೆ ಕೊಬ್ಬರಿ ಹಾಕಿ, ತೂಕಕ್ಕೆ ನಿಂತು, ದಲ್ಲಾಳಿಯ ಜೊತೆ ವಾದ ಮಾಡಿ ಹದಿನಾರು ವರ್ಷ ಮನೆ ತೂಗಿಸಿದವಳು ನಾನು. ಲೆಕ್ಕ ಕೇಳಿದ್ದಕ್ಕೆ ನೋವಾಗಲಿಲ್ಲ. ನನ್ನ ಹತ್ತಿರ ಲೆಕ್ಕದ ಪುಸ್ತಕವೇ ಇತ್ತು. ಕೇಳಿದ ದನಿ ಹವಾಲ್ದಾರನನ್ನು ಕೇಳುವ ದನಿಯಾಗಿತ್ತು. ಮೂರು ತಿಂಗಳು ನಾವು ಮಗನ ಮೂಲಕ ಮಾತಾಡಿದೆವು. ಆಮೇಲೆ ಅವರ ಹೆಸರು, ನಂಬರು ಬಿಳಿ ಬಣ್ಣದಲ್ಲಿ ಬರೆದಿದ್ದ ಆ ಟ್ರಂಕಿಗೇ ನನ್ನ ಸೀರೆಗಳನ್ನು ತುಂಬಿಕೊಂಡು ಹಾಸನಕ್ಕೆ, ಮಗಳ ಮನೆಗೆ ಹೋದೆ. ಇಪ್ಪತ್ತನಾಲ್ಕು ವರ್ಷದಲ್ಲಿ ನಾನಾಗಿ ಹೊರಟದ್ದು ಅದೊಂದೇ ಸಲ.

ಇಪ್ಪತ್ತು ದಿನ ಬಿಟ್ಟು ಕರೆಯಲು ಬಂದರು. ಹಾಸನದಿಂದ ನೇರ ರೈಲಿಗೆ ಹೋಗದೆ, ಬೇಲೂರು ಹಳೇಬೀಡು ನೋಡಿಕೊಂಡು ಬಸ್ಸಿನಲ್ಲಿ ಹೋಗೋಣ ಎಂದರು. ಮದುವೆಯಾದ ಹೊಸದರಲ್ಲಿ ಕರೆದುಕೊಂಡು ಹೋಗುತ್ತೇನೆಂದು ಹೇಳಿ ತಂತಿ ಬಂದದ್ದರಿಂದ ರದ್ದಾಗಿದ್ದ ಪ್ರಯಾಣ ಅದು.

ಬೇಲೂರಿನಲ್ಲಿ ಗೈಡೊಬ್ಬರು ಮದನಿಕೆಯ ವಿಗ್ರಹಗಳ ಪೀಠದಲ್ಲಿ ಕೊರೆದ ಅಕ್ಷರ ತೋರಿಸಿದರು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಗುಡಿಯಲ್ಲಿ ಉಳಿ ಹಿಡಿದವರ ಹೆಸರೂ ಉಳಿದಿದೆ. ಕೆಲಸ ಮಾಡಿದವರು ಇವರು ಎಂದು ಕಲ್ಲೇ ಹೇಳುತ್ತದೆ. ಅವರನ್ನು ಯಾರೂ ತ್ಯಾಗಿಗಳೆಂದು ಕರೆದಿಲ್ಲ.

ಅಲ್ಲಿಂದ ಹದಿನಾರು ಕಿಲೋಮೀಟರು ಹಳೇಬೀಡು. ಹೊಯ್ಸಳೇಶ್ವರ ಗುಡಿಯ ದಕ್ಷಿಣಕ್ಕೆ ಒಂದು ಗರುಡಗಂಬವಿದೆ. ಗರುಡರೆಂದರೆ ಅರಸನಿಗೆ ಪ್ರಾಣವನ್ನೇ ಒಪ್ಪಿಸಿದ ಅಂಗರಕ್ಷಕರು. ಅರಸ ಸತ್ತರೆ ತಾವೂ ಸಾಯುವವರು. ಇಮ್ಮಡಿ ವೀರಬಲ್ಲಾಳ 1220ರಲ್ಲಿ ತೀರಿಕೊಂಡಾಗ ಕುವರ ಲಕ್ಷ್ಮನೆಂಬವನು ಆ ಮಾತು ನಡೆಸಿದ. ತನ್ನ ತಲೆ ತಾನೇ ಕಡಿದುಕೊಳ್ಳುವ ವೀರರ ಚಿತ್ರ ಕಂಬದ ಮೇಲಿದೆ. ಅವನ ಜೊತೆ ಅವನ ಹೆಂಡತಿಯೂ ಸತ್ತಳು. ಗೈಡು ಇದನ್ನು ಹೆಮ್ಮೆಯಿಂದ ಹೇಳಿ ಮುಂದೆ ಹೋದರು. ನಾನು ಅಲ್ಲೇ ನಿಂತೆ. "ಅವಳನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ ರೀ?" ಎಂದೆ. ಇವರು ಬಹಳ ಹೊತ್ತು ಕಂಬ ನೋಡುತ್ತಿದ್ದು, "ನಾನೂ ಯಾವತ್ತೂ ಕೇಳ್ಲಿಲ್ಲ ಅಲ್ವೇನೇ" ಎಂದರು.

ನಮ್ಮ ಮದುವೆ ಎರಡನೆಯ ಸಲ ಶುರುವಾದದ್ದು ಆ ಮಾತಿನಿಂದ ಎಂದು ನಾನು ತಿಳಿದಿದ್ದೇನೆ. ಊರಿಗೆ ಬಂದು ಕೊಬ್ಬರಿ ಪುಸ್ತಕ ಅವರ ಮುಂದಿಟ್ಟೆ. ತನಿಖೆಗಲ್ಲ, ಕಲಿಯುವುದಕ್ಕೆ. ಒಂದು ವರ್ಷ ಅವರು ನನ್ನ ಹಿಂದೆ ಮಾರುಕಟ್ಟೆಗೆ ಬಂದರು. ಡಬ್ಬಗಳು ಅವುಗಳ ಹಳೆಯ ಜಾಗಕ್ಕೆ ಹೋದವು.

ನಮ್ಮ ಸೀಮೆಯ ಹಳ್ಳಿಗಳಲ್ಲಿ ವೀರಗಲ್ಲುಗಳು ಬೇಕಾದಷ್ಟಿವೆ. ಕೆಳಗೆ ಯುದ್ಧ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಕೈಲಾಸ. ಹೆಂಡತಿಗೆ ಅಲ್ಲಿ ಜಾಗವಿಲ್ಲ. ಅವಳು ಚಿತೆ ಏರಿದರೆ ಬೇರೆ ಕಲ್ಲು, ಬಳೆ ತೊಟ್ಟು ಎತ್ತಿದ ಒಂದು ಕೈ, ಮಾಸ್ತಿಕಲ್ಲು. ಸಾಯದೆ ಉಳಿದು ಮಕ್ಕಳನ್ನು ಸಾಕಿ ಹೊಲ ಉಳಿಸಿಕೊಂಡವಳಿಗೆ ಯಾವ ಕಲ್ಲೂ ಇಲ್ಲ. ಇದು ಹಳೆಯ ಕಾಲದ ಮಾತೆನ್ನಬೇಡಿ. ಶೌರ್ಯಪ್ರಶಸ್ತಿ ಪಡೆದ ಸೈನಿಕನ ವಿಧವೆ ಮರುಮದುವೆಯಾದರೆ, ಆ ಪ್ರಶಸ್ತಿಯ ಭತ್ಯೆ ಮುಂದುವರಿಯಲು ಅವಳು ಗಂಡನ ತಮ್ಮನನ್ನೋ ಅಣ್ಣನನ್ನೋ ಆಗಬೇಕೆಂಬ ಷರತ್ತು ಇತ್ತು. ಅದನ್ನು ತೆಗೆದದ್ದು 2017ರಲ್ಲಿ. ಅಲ್ಲಿಯವರೆಗೆ ಅವಳು ಒಬ್ಬ ಹೆಂಗಸಲ್ಲ, ಒಂದು ಮನೆತನದ ಆಸ್ತಿ.

2022ರಲ್ಲಿ ಅಗ್ನಿಪಥ ಬಂತು. ನಾಲ್ಕು ವರ್ಷದ ಸೇವೆ, ಆಮೇಲೆ ಕಾಯಂ ಆಗುವುದು ನಾಲ್ಕರಲ್ಲಿ ಒಬ್ಬರಿಗೆ ಮಾತ್ರ, ಉಳಿದವರಿಗೆ ಪಿಂಚಣಿಯಿಲ್ಲ. ಸೇರುವವನು ಮದುವೆಯಾಗಿರಬಾರದು. ಯೋಜನೆಯ ಒಳಿತು ಕೆಡುಕು ತಿಳಿದವರು ಹೇಳಲಿ. ನನಗೆ ಕಂಡದ್ದು ಇಷ್ಟು: ಹೆಂಡತಿಯ ಕೆಲಸವನ್ನು ಲೆಕ್ಕಕ್ಕೆ ಹಿಡಿಯುವುದಕ್ಕಿಂತ ಹೆಂಡತಿಯೇ ಇಲ್ಲದ ಸೈನಿಕ ಅಗ್ಗ.

ಹಾಗಾದರೆ ಏನು ಮಾಡಬೇಕು ಎನ್ನುತ್ತೀರಿ. ದೊಡ್ಡದೇನೂ ಕೇಳುತ್ತಿಲ್ಲ. ಸೈನಿಕನ ಮಗು ವರ್ಷದ ಯಾವ ತಿಂಗಳಲ್ಲಿ ಬಂದರೂ ನಮ್ಮೂರ ಶಾಲೆ ಬಾಗಿಲು ತೆರೆಯಲಿ, ಕನ್ನಡ ಸಾಲದಿದ್ದರೆ ಸಂಜೆ ಒಂದು ಗಂಟೆ ಹೇಳಿಕೊಡಲಿ. ಮರುವಸತಿ ತರಬೇತಿಗೆ ಗಂಡನ ಜೊತೆ ಹೆಂಡತಿಯನ್ನೂ ಒಂದು ವಾರ ಕೂರಿಸಲಿ. ಮನೆಗೆ ಬಂದ ಸೈನಿಕ, ಹೊಸ ಯೂನಿಟ್ಟಿಗೆ ಬಂದವನ ಹಾಗೆ, ಮೊದಲು ಅಲ್ಲಿ ಇದ್ದವರನ್ನು ಕೇಳಿ ತಿಳಿದುಕೊಳ್ಳಲಿ. ಸನ್ಮಾನ ಮಾಡುವವರು ಮೈಕನ್ನು ನಮ್ಮ ಕೈಗೂ ಐದು ನಿಮಿಷ ಕೊಡಲಿ.

ಹೊಯ್ಸಳರ ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ನಮ್ಮೂರಿಗೆ ಈ ಹೆಸರು ಬಂತೆನ್ನುತ್ತಾರೆ. ಆ ಅರಸಿ ಏನನ್ನು ತ್ಯಾಗ ಮಾಡಿದಳೋ ಯಾರಿಗೂ ನೆನಪಿಲ್ಲ. ಮಾಡಿದ ಕೆಲಸ ಊರಿನ ಹೆಸರಾಗಿ ಉಳಿದಿದೆ. ಕೆರೆಯೆಂದರೆ ಒಂದು ಸಲ ಕಟ್ಟಿ ಬಿಡುವಂಥದ್ದೂ ಅಲ್ಲ. ಹೂಳು ತೆಗೆಯಬೇಕು, ಏರಿ ನೋಡಬೇಕು, ತೂಬು ಸರಿಮಾಡಬೇಕು. ನಲವತ್ತು ವರ್ಷ ದಾಟಿದ ಮದುವೆಯ ಗುಟ್ಟೇನೆಂದು ನನ್ನನ್ನು ಕೇಳುವ ಹುಡುಗಿಯರಿಗೆ ನಾನು ಹೇಳುವುದೂ ಇದನ್ನೇ. ಗುಟ್ಟೇನಿಲ್ಲ, ವರ್ಷ ವರ್ಷವೂ ಹೂಳಿದೆ.

ಇಷ್ಟು ಬರೆದು ಯಜಮಾನರಿಗೆ ಓದಲು ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ತ್ಯಾಗದ ವಿಚಾರಕ್ಕಾಗಲಿ, ಟ್ರಂಕಿನ ವಿಚಾರಕ್ಕಾಗಲಿ ಏನೂ ಅನ್ನಲಿಲ್ಲ. "ಹನ್ನೆರಡು ವರ್ಷ ತಪ್ಪು. 2001ರ ಡಿಸೆಂಬರಿನಿಂದ ರಾಜಸ್ಥಾನದ ಗಡಿಯಲ್ಲಿ ಹತ್ತು ತಿಂಗಳು ಮೈನು ಹೂಳ್ತಾ ಇದ್ದೆವಲ್ಲ, ಆಗ ಎಲ್ಲಿ ರಜೆ ಕೊಟ್ಟಿದ್ರು? ಹನ್ನೊಂದೂ ಮುಕ್ಕಾಲು ಅಂತ ತಿದ್ದು" ಎಂದರು. ಹಳೆಯ ರಜೆ ಚೀಟಿಗಳನ್ನು ತೆಗೆದು ಇಬ್ಬರೂ ಕೂತು ಕೂಡಿದೆವು. ಅವರು ಹೇಳಿದ್ದೇ ಸರಿ. ಓದುಗರು ಮೇಲಿನ ಲೆಕ್ಕವನ್ನು ತಿದ್ದಿಕೊಳ್ಳಬೇಕು.