ಅಡುಗೆಮನೆಯ ಎರಡು ಅನಿಲಗಳು

ಸಿಲಿಂಡರಿನಲ್ಲಿ ಬರುವುದನ್ನೂ ಕೊಳವೆಯಲ್ಲಿ ಬರುವುದನ್ನೂ ನಾವು ‘ಗ್ಯಾಸ್’ ಎಂಬ ಒಂದೇ ಹೆಸರಿನಿಂದ ಕರೆಯುತ್ತೇವೆ. ನನ್ನ ಹಳೆಯ ವಿದ್ಯಾರ್ಥಿಗಳಾದರೂ ಹಾಗೆ ಮಾಡಬಾರದೆಂಬುದು ನನ್ನ ಆಗ್ರಹ. ಸಿಲಿಂಡರಿನದು ಪ್ರೊಪೇನ್, ಬ್ಯುಟೇನ್‌ಗಳ ಮಿಶ್ರಣ, ಗಾಳಿಗಿಂತ ಭಾರ. ಸೋರಿದರೆ ನೀರಿನಂತೆ ನೆಲದ ಮೇಲೆ ಹರಡಿ ತಗ್ಗಿನಲ್ಲಿ ತಂಗುತ್ತದೆ. ಕೊಳವೆಯದು ಬಹುಪಾಲು ಮೀಥೇನ್. ಗಾಳಿಗಿಂತ ಹಗುರವಾದ್ದರಿಂದ ಛಾವಣಿಯತ್ತ ಏರುತ್ತದೆ. ಮೊದಲನೆಯದು ಹೊರಹೋಗಲು ನೆಲಮಟ್ಟದಲ್ಲಿ ಕಿಂಡಿ ಬೇಕು. ಎರಡನೆಯದಕ್ಕೆ ಮೇಲ್ಗಡೆ ಗವಾಕ್ಷಿ ಬೇಕು. ಎರಡಕ್ಕೂ ಸ್ವಂತ ವಾಸನೆಯಿಲ್ಲ. ಮೂಗಿಗೆ ಬಡಿಯುವುದು ಎಚ್ಚರಿಕೆಗೆಂದು ಬೆರೆಸಿದ ಗಂಧಕದ ಸಂಯುಕ್ತ.

ಇದೇ ಮೀಥೇನನ್ನು ವಾಯುಮಂಡಲದ ಒತ್ತಡದ ಸುಮಾರು 200 ಪಟ್ಟಿಗೆ ಅದುಮಿದರೆ ವಾಹನಗಳ ಸಿ.ಎನ್.ಜಿ. (ಬೆಂಗಳೂರಿನ ಆಟೋಗಳಲ್ಲಿ ಎಲ್.ಪಿ.ಜಿ.ಯೂ ಉಂಟು, ಗೊಂದಲ ಬೇಡ!) ಮೈನಸ್ 162 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿದರೆ ಸುಮಾರು 600ರಲ್ಲಿ ಒಂದು ಪಾಲು ಜಾಗಕ್ಕೆ ಕುಗ್ಗಿ, ದ್ರವವಾಗಿ ಹಡಗೇರುವ ಎಲ್.ಎನ್.ಜಿ.

ದಾಭೋಳ್‌ನಿಂದ ಬೆಂಗಳೂರಿಗೆ ಕೊಳವೆಮಾರ್ಗ 2013ರಲ್ಲಿಯೇ ಬಂದಿತು. ತಿಳಿವಳಿಕೆ ಮಾತ್ರ ಅದರ ಜೊತೆಗೆ ಬರಲಿಲ್ಲ. ಮಕ್ಕಳು ಪರದೇಶದಲ್ಲಿದ್ದು ವೃದ್ಧ ದಂಪತಿಗಳಷ್ಟೇ ಇರುವ ಮನೆಗಳು ನಮ್ಮ ಬಂಧುವರ್ಗದಲ್ಲಿಯೇ ಎಷ್ಟಿಲ್ಲ? ಅಂಥವರ ಕೈಗೆ ಇಂಗ್ಲಿಷ್ ಕರಪತ್ರವಿತ್ತು ಹೊರಟುಹೋದರೆ ಸಾಲದು. ಸಂಪರ್ಕ ನೀಡುವವರು ಸೋರಿಕೆಯಾದಾಗ ಯಾವ ಕವಾಟ ಮುಚ್ಚಬೇಕು, ಯಾವ ಕಿಟಕಿ ತೆರೆಯಬೇಕು, ವಿದ್ಯುತ್ ಸ್ವಿಚ್ಚನ್ನು ಏಕೆ ಮುಟ್ಟಕೂಡದು ಎಂಬುದನ್ನು ಕನ್ನಡದಲ್ಲಿ ಹೇಳಿ, ಒಮ್ಮೆ ಮಾಡಿಸಿ ನೋಡಿದ ಮೇಲೆಯೇ ಒಲೆ ಹಚ್ಚಿಕೊಡಬೇಕು.